ಕೊಲಂಬೊ: ಬಂದರು ಬೆಳೆಸಿದ ರಾಜಧಾನಿ

ಶ್ರೀಲಂಕಾದ ರಾಜಧಾನಿ ಯಾವುದು? ಸುಲಭವೆಂದು ತೋರುವ ಈ ಪ್ರಶ್ನೆಯಲ್ಲೇ ಅನೇಕರು ಅಂಕ ಕಳೆದುಕೊಳ್ಳುತ್ತಾರೆ. ಶಾಸಕಾಂಗ ರಾಜಧಾನಿ ಶ್ರೀ ಜಯವರ್ಧನಪುರ ಕೋಟೆ. ವಾಸ್ತುಶಿಲ್ಪಿ ಜೆಫ್ರಿ ಬಾವಾ ವಿನ್ಯಾಸದ ಅಲ್ಲಿನ ಸಂಸತ್ ಭವನ ಉದ್ಘಾಟನೆಯಾದದ್ದು 1982ರಲ್ಲಿ. ವಾಣಿಜ್ಯ ರಾಜಧಾನಿ ಕೊಲಂಬೊ. ಆಯ್ಕೆಗಳಲ್ಲಿ ಎರಡೂ ಕಂಡರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಪೋರ್ಚುಗೀಸರು ದ್ವೀಪಕ್ಕೆ ಬಂದದ್ದು 1505ರಲ್ಲಿ. ಕೊಲಂಬೊ 1656ರಲ್ಲಿ ಡಚ್ಚರಿಗೆ, 1796ರಲ್ಲಿ ಬ್ರಿಟಿಷರಿಗೆ ಸೇರಿತು. 1815ರಲ್ಲಿ ಕ್ಯಾಂಡಿ ರಾಜ್ಯ ಪತನವಾದ ಮೇಲೆ ಇಡೀ ದ್ವೀಪದ ಆಡಳಿತ ಇಲ್ಲಿಂದಲೇ ನಡೆಯಿತು.

ನಗರದ ಜೀವಾಳ ಬಂದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಪೂರ್ವಕ್ಕೆ ಹೋಗುವ ಹಡಗುಗಳಿಗೆ ಇದು ತಂಗುದಾಣವಾಯಿತು. 1875ರಲ್ಲಿ ಅಲೆತಡೆ ಗೋಡೆಗೆ ಅಡಿಗಲ್ಲು ಬಿತ್ತು. ಭಾರತಕ್ಕೆ ಬರುವ ಹಲವು ಕಂಟೇನರ್‌ಗಳು ಇಂದಿಗೂ ಇಲ್ಲಿ ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ ಬದಲಾಗುತ್ತವೆ. ಅದೇ ಕೆಲಸವನ್ನು ಭಾರತದಲ್ಲೇ ಮಾಡುವ ಕೇರಳದ ವಿಳಿಂಜಂ ಬಂದರಿನ ಮಹತ್ವ ಅರ್ಥವಾಗುವುದು ಈ ಹಿನ್ನೆಲೆಯಲ್ಲೇ. ಅದಾನಿ ಸಮೂಹ ಪಾಲುದಾರನಾಗಿರುವ ಕೊಲಂಬೊ ಪಶ್ಚಿಮ ಅಂತರರಾಷ್ಟ್ರೀಯ ಟರ್ಮಿನಲ್ 2025ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು.

ಪೋರ್ಟ್ ಸಿಟಿಯನ್ನಂತೂ ಬಿಡಲೇಬೇಡಿ. ಸಮುದ್ರಕ್ಕೆ ಮರಳು ತುಂಬಿ ಪಡೆದ 269 ಹೆಕ್ಟೇರ್ ನೆಲವಿದು. ಚೀನಾದ ಹೂಡಿಕೆಯಿಂದ 2014ರಲ್ಲಿ ಆರಂಭವಾದ ಕಾಮಗಾರಿ 2015ರಲ್ಲಿ ನಿಂತು, 2016ರಲ್ಲಿ ಮುಂದುವರಿಯಿತು. 2021ರಲ್ಲಿ ಪ್ರತ್ಯೇಕ ಆರ್ಥಿಕ ಆಯೋಗದ ಕಾಯ್ದೆ ಬಂತು. ಕಡಲ ಮರಳು ತೆಗೆದರೆ ಮೀನು ಕಡಿಮೆಯಾಗುತ್ತದೆಂದು ನೆಗೊಂಬೊ ಮೀನುಗಾರರು ಪ್ರತಿಭಟಿಸಿದ್ದರು. ವಿವರಣಾತ್ಮಕ ಉತ್ತರದಲ್ಲಿ ಅವರ ಮಾತಿಗೂ ಜಾಗವಿರಲಿ.

ಇದೇ ನಗರದ ಸುಮಾರು 350 ಮೀಟರ್ ಎತ್ತರದ ಲೋಟಸ್ ಟವರ್ ಸಾರ್ವಜನಿಕರಿಗೆ ತೆರೆದದ್ದು 2022ರ ಸೆಪ್ಟೆಂಬರ್‌ನಲ್ಲಿ.