ಬರ್ಕೊಳ್ಳಿ ಶೆಟ್ಟರೇ

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯಿದ್ದಾಗ ಅಂಗಡಿಗೆ ಹೋಗಲು ಅಮ್ಮ ನನ್ನ ಕೈಗೆ ದುಡ್ಡು ಕೊಡುತ್ತಿರಲಿಲ್ಲ, ಉದ್ದನೆಯ ಒಂದು ಲೆಕ್ಕದ ಪುಸ್ತಕ ಕೊಡುತ್ತಿದ್ದಳು. ಅರ್ಧ ಕೇಜಿ ತೊಗರಿಬೇಳೆ, ಕಾಲು ಕೇಜಿ ಬೆಲ್ಲ, ಒಂದು ಬಟ್ಟೆ ಸೋಪು. "ಬರ್ಕೊಳ್ಳಿ ಶೆಟ್ಟರೇ" ಅಂದರೆ ಮುಗಿಯಿತು. ಅವರು ತಮ್ಮ ಪುಸ್ತಕದಲ್ಲೊಮ್ಮೆ, ನಮ್ಮ ಪುಸ್ತಕದಲ್ಲೊಮ್ಮೆ ಬರೆದು ಕೊಡುತ್ತಿದ್ದರು. ಸಂಬಳ ಬಂದ ಸಂಜೆ ಅಪ್ಪ ಮನೆಗೂ ಬರದೆ ನೇರ ಅಂಗಡಿಗೆ ಹೋಗಿ ಪೂರ್ತಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಶೆಟ್ಟರು ಪುಟದ ಮೇಲಿಂದ ಕೆಳಕ್ಕೆ ಓರೆಯಾಗಿ ಒಂದು ಗೆರೆ ಎಳೆಯುತ್ತಿದ್ದರು. ಆ ಗೆರೆ ಬೀಳದೆ ಹೊಸ ಪುಟ ಶುರುವಾಗುತ್ತಿರಲಿಲ್ಲ.

ಕ್ರೆಡಿಟ್ ಕಾರ್ಡ್ ಕೂಡ ಇಂಥದೇ ಉದ್ರಿ ಪುಸ್ತಕ. ಕೊಂಡ ದಿನದಿಂದ ಕಟ್ಟುವ ಗಡುವಿನವರೆಗೆ ಬಡ್ಡಿಯಿಲ್ಲ. ಬಿಲ್ ಆದ ಮರುದಿನ ಕೊಂಡರೆ ನಲವತ್ತೈದು, ಐವತ್ತು ದಿನದವರೆಗೂ ಸಮಯ ಸಿಗುತ್ತದೆ. ಪೂರ್ತಿ ಕಟ್ಟುವವರಿಗೆ ಇದಕ್ಕಿಂತ ಅಗ್ಗದ ಸಾಲ ಇನ್ನೊಂದಿಲ್ಲ. ಗೆರೆ ಎಳೆಯದೆ ಪುಟ ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ನಾನು 2019ರಲ್ಲಿ ಕಲಿತೆ.

ಆ ವರ್ಷ ಜೂನ್‌ನಲ್ಲಿ ಮಗಳ ಪಿಯುಸಿ ಫೀಸು ಕಟ್ಟಿ ಕೈ ಖಾಲಿಯಾಗಿತ್ತು. ಆಗಸ್ಟ್‌ನಲ್ಲಿ ಫ್ರಿಜ್ ಕೆಟ್ಟಿತು. ನಮ್ಮ ಮೂರು ಜನಕ್ಕೆ ಇಪ್ಪತ್ತೆರಡು ಸಾವಿರದ ಫ್ರಿಜ್ ಧಾರಾಳ ಸಾಕಿತ್ತು. ಆದರೆ ಜಯನಗರದ ಅಂಗಡಿಯಲ್ಲಿ ನಿಂತಾಗ ನನ್ನ ತಲೆಯಲ್ಲಿದ್ದದ್ದು ಸಂಬಳವಲ್ಲ, ಕಾರ್ಡಿನ ಒಂದೂವರೆ ಲಕ್ಷದ ಲಿಮಿಟ್ಟು. 48,000 ರೂಪಾಯಿಯ ಎರಡು ಬಾಗಿಲಿನ ಫ್ರಿಜ್ ಮನೆಗೆ ಬಂತು.

ತಾರೀಖು ಸಮೇತ ಹೇಳುತ್ತೇನೆ, ಏಕೆಂದರೆ ಗುಟ್ಟಿರುವುದು ತಾರೀಖಿನಲ್ಲೇ. ಕೊಂಡದ್ದು ಆಗಸ್ಟ್ 3. ಬಿಲ್ ಆದದ್ದು 18ಕ್ಕೆ. ಗಡುವು ಸೆಪ್ಟೆಂಬರ್ 7. ಬಿಲ್ಲಿನಲ್ಲಿ ಎರಡು ಮೊತ್ತಗಳಿದ್ದವು: ಒಟ್ಟು ಬಾಕಿ 48,000, ಕನಿಷ್ಠ ಬಾಕಿ 2,400. ಎರಡನೆಯದನ್ನು ಕಟ್ಟಿ ನಿಶ್ಚಿಂತೆಯಾಗಿ ಮಲಗಿದೆ. ಸೆಪ್ಟೆಂಬರ್ 18ರ ಬಿಲ್ ನೋಡಿದರೆ ಬಾಕಿ 48,500 ದಾಟಿತ್ತು! ಕಾರ್ಡಿನಲ್ಲಿ ಬೇರೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ಬ್ಯಾಂಕಿನವರ ತಪ್ಪೇನೂ ಇರಲಿಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ದಿನಗಳು ರದ್ದಾಗುತ್ತವೆ. ಬಡ್ಡಿ ಗಡುವಿನ ದಿನದಿಂದ ಓಡುವುದಿಲ್ಲ, ಕೊಂಡ ದಿನದಿಂದಲೇ ಓಡುತ್ತದೆ. ತಿಂಗಳಿಗೆ ಮೂರೂವರೆ ಪರ್ಸೆಂಟ್, ಅಂದರೆ ವರ್ಷಕ್ಕೆ 42. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬಾಕಿ ಉಳಿದಿರುವಷ್ಟು ಕಾಲ ಹೊಸದಾಗಿ ಕೊಂಡ ಹಾಲಿನ ಪುಡಿಗೂ ಮೊದಲ ದಿನದಿಂದಲೇ ಬಡ್ಡಿ. ಡಿಸೆಂಬರ್‌ವರೆಗೆ ನಾಲ್ಕು ಸಲ ಕನಿಷ್ಠ ಕಟ್ಟಿ, ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಹೋಗಿತ್ತು. ಬಾಕಿ ಇನ್ನೂ 47,000ದ ಮೇಲೆಯೇ ಇತ್ತು.

ಇಷ್ಟು ದಿನವೂ ನಮ್ಮ ಹತ್ತಿರ ಅರವತ್ತು ಸಾವಿರದ ಒಂದು ಎಫ್‌ಡಿ ಇತ್ತು. "ಎಫ್‌ಡಿ ಮುಟ್ಟೋದು ಬೇಡ ಕಣೇ, ಆಪತ್ಕಾಲಕ್ಕೆ ಇರಲಿ" ಎಂದು ಯಜಮಾನರು ಹೇಳುತ್ತಲೇ ಇದ್ದರು, ನಾನೂ ಒಪ್ಪಿದ್ದೆ. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಹಳೆಯದರ ಬೆನ್ನಿಗೆ ಲೆಕ್ಕ ಹಾಕಲು ಕುಳಿತೆ. ಎಡಕ್ಕೆ ಎಫ್‌ಡಿ, ಬರುವ ಬಡ್ಡಿ ವರ್ಷಕ್ಕೆ ಏಳರ ಆಸುಪಾಸು. ಬಲಕ್ಕೆ ಕಾರ್ಡು, ಕಟ್ಟುವ ಬಡ್ಡಿ 42. "ರೀ, ಇಲ್ಲಿ ನೋಡಿ, ಆಪತ್ಕಾಲ ಬಂದು ನಾಲ್ಕು ತಿಂಗಳಾಯ್ತು" ಅಂದೆ. ಮರುದಿನವೇ ಎಫ್‌ಡಿ ಮುರಿಸಿ ಚುಕ್ತಾ ಮಾಡಿದೆವು. ಅವಧಿಗೆ ಮೊದಲೇ ಮುರಿಸಿದ್ದಕ್ಕೆ ಬಡ್ಡಿಯಲ್ಲಿ ಕಡಿತವಾದದ್ದು ಕಾರ್ಡಿನ ಒಂದು ತಿಂಗಳ ಬಡ್ಡಿಯಷ್ಟೂ ಇರಲಿಲ್ಲ. ಠೇವಣಿ ಇಟ್ಟುಕೊಂಡೇ ಕಾರ್ಡಿನ ಬಡ್ಡಿ ಕಟ್ಟುತ್ತಿರುವ ಮನೆಗಳು ನಮ್ಮ ಬೀದಿಯಲ್ಲೇ ಇನ್ನೂ ಇವೆ. ದಯವಿಟ್ಟು ಇವತ್ತೇ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಿ.

ಬಡ್ಡಿಗೆ ಮೇಲ್ಮಿತಿ ಇರುತ್ತದೆ, ಸರ್ಕಾರ ಕಾಯುತ್ತದೆ ಎಂದೂ ಕೂರಬೇಡಿ. ಕಾರ್ಡಿನ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ಮೀರಬಾರದೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿನ ನಿಯಮಗಳು ಕೆಲವು ಕಡೆ ನಮ್ಮ ಪರವಾಗಿವೆ. ಗಡುವು ಮೀರಿ ಮೂರು ದಿನ ಕಳೆಯುವವರೆಗೆ ತಡ ಶುಲ್ಕ ಹಾಕುವಂತಿಲ್ಲ. ಬಾಕಿ ತೀರಿಸಿ ಕಾರ್ಡ್ ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ಅವರೇ ನಮಗೆ ಕೊಡಬೇಕು. ಕಾರ್ಡಿನಿಂದ ಎಟಿಎಮ್‌ನಲ್ಲಿ ನಗದು ಮಾತ್ರ ತೆಗೆಯಲೇಬೇಡಿ, ಅದಕ್ಕೆ ಒಂದು ದಿನದ ವಿನಾಯಿತಿಯೂ ಇಲ್ಲ, ಮೇಲೆ ಬೇರೆ ಶುಲ್ಕ.

ಕಾರ್ಡನ್ನು ನಾನು ಬಿಸಾಡಲಿಲ್ಲ. ಕರೆಂಟ್ ಬಿಲ್, ಔಷಧಿ, ತಿಂಗಳ ದಿನಸಿ ಎಲ್ಲ ಅದರಲ್ಲೇ. ಉಜ್ಜಿದ ಸಂಜೆಯೇ ಅಷ್ಟು ಮೊತ್ತವನ್ನು ಇನ್ನೊಂದು ಉಳಿತಾಯ ಖಾತೆಗೆ ಹಾಕಿಬಿಡುತ್ತೇನೆ. ಬಿಲ್ ಬರುವಾಗ ದುಡ್ಡು ಅಲ್ಲಿ ಕಾದಿರುತ್ತದೆ. ಹಾಕಲು ದುಡ್ಡಿಲ್ಲದ ದಿನ ಕಾರ್ಡು ಬ್ಯಾಗಿನಿಂದ ಹೊರಗೆ ಬರುವುದಿಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೂ ಜೋಡಿಸಬಹುದು, ನಾನು ಜೋಡಿಸಿಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳಿಗೆ ಇಪ್ಪತ್ತು ರೂಪಾಯಿ ಕೊಡುವಾಗ ಅದು ಸಾಲವಾಗುವುದು ನನಗೆ ಸಮಾಧಾನವಿಲ್ಲ. ನೋಟು ಕೈಯಿಂದ ಹೋಗುವುದು ಕಣ್ಣಿಗೆ ಕಾಣಬೇಕು.

ಮಗಳು ಈಗ ಬಿಟಿಎಂ ಲೇಔಟಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಸಂಬಳ ಬಂದ ವಾರವೇ ಫೋನ್ ಮಾಡಿದಳು: "ಅಮ್ಮಾ, ಕಾರ್ಡ್ ಕೊಡ್ತೀವಿ ಅಂತ ಆಫೀಸಿಗೇ ಬಂದಿದ್ದಾರೆ, ಜೀವನಪೂರ್ತಿ ಫೀಸಿಲ್ವಂತೆ. ತಗೊಳ್ಲಾ?"

"ತಗೋ" ಅಂದೆ. "ಆದ್ರೆ ಆಟೋ ಡೆಬಿಟ್ ಅಂತ ಇರತ್ತೆ ನೋಡು, ಅಲ್ಲಿ ಎರಡು ಚೌಕ ಇದೆಯಾ?"

"ಇದೆ. ಟೋಟಲ್ ಡ್ಯೂ, ಮಿನಿಮಮ್ ಡ್ಯೂ."

ಸ್ವಲ್ಪ ಹೊತ್ತಿಗೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಟೋಟಲ್ ಡ್ಯೂ ಚೌಕಕ್ಕೆ ನೀಲಿ ಪೆನ್ನಿನ ಟಿಕ್ ಬಿದ್ದಿತ್ತು. ಮಿನಿಮಮ್ ಡ್ಯೂ ಮೇಲೆ, ನಾನು ಹೇಳದೆಯೇ, ಓರೆಯಾಗಿ ಒಂದು ಗೆರೆ ಎಳೆದಿದ್ದಳು.