ಇರುವ ಜೆಕ್ವೆರಿಯನ್ನೇ ಕೇಳಿ ಪಡೆ

ನಿನ್ನ ಮೊದಲ ವರ್ಡ್‌ಪ್ರೆಸ್ ಪ್ಲಗಿನ್ನಿನ ಕೋಡ್ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಸ್ಕ್ರಿಪ್ಟ್ ಟ್ಯಾಗ್ ಬರೆದು ನಿನ್ನದೇ ಒಂದು ಜೆಕ್ವೆರಿ ಎಳೆದು ತಂದಿದ್ದೀಯಲ್ಲ, ಅದನ್ನು ಇವತ್ತೇ ತೆಗೆದುಬಿಡು.

ಈ ತಪ್ಪು ನಾನೂ ಮಾಡಿದವನು. ಒಂದು ಶಾಲೆಯ ಜಾಲತಾಣಕ್ಕೆ ಚಿತ್ರಗಳ ಸ್ಲೈಡರ್ ಬರೆದುಕೊಟ್ಟಿದ್ದೆ. ಸ್ಲೈಡರ್ ಚೆನ್ನಾಗಿಯೇ ಓಡಿತು. ಆದರೆ ಪ್ರವೇಶ ಅರ್ಜಿಯಲ್ಲಿ ಮಗುವಿನ ಹುಟ್ಟಿದ ದಿನ ಆರಿಸುವ ಕ್ಯಾಲೆಂಡರ್ ತೆರೆಯದಾಯಿತು. ಅದು ಮೊದಲು ಬಂದ ಜೆಕ್ವೆರಿಗೆ ಅಂಟಿಕೊಂಡಿತ್ತು. ಹಿಂದಿನಿಂದ ಬಂದ ನನ್ನ ಪ್ರತಿ ಅದೇ ಹೆಸರನ್ನು ಕಸಿದುಕೊಂಡಿತು; ಅದರಲ್ಲಿ ಕ್ಯಾಲೆಂಡರ್ ಎಲ್ಲಿಂದ ಬರಬೇಕು? ಎರಡು ದಿನ ಪೋಷಕರು ಅರ್ಜಿ ತುಂಬಲಾಗದೆ ಒದ್ದಾಡಿದರು. ಆ ಸಂಕಟ ಇನ್ನೂ ಮರೆತಿಲ್ಲ.

ಜಾಲತಾಣವೆಂದರೆ ವಠಾರ, ಮಗೂ. ಬಾವಿ ಒಂದೇ. ವರ್ಡ್‌ಪ್ರೆಸ್ ಜೊತೆಗೇ ಜೆಕ್ವೆರಿ ಬರುತ್ತದೆ. ನಿನ್ನ ಸ್ಕ್ರಿಪ್ಟ್ ಫೈಲನ್ನು ಎನ್‌ಕ್ಯೂ ಮಾಡುವಾಗ, ಅಂದರೆ ಸರದಿಗೆ ಸೇರಿಸುವಾಗ, ಅದಕ್ಕೆ ಜೆಕ್ವೆರಿ ಬೇಕೆಂದು ಅವಲಂಬನೆಯ ಪಟ್ಟಿಯಲ್ಲಿ ಬರೆ, ಸಾಕು. ಹತ್ತು ಪ್ಲಗಿನ್ನುಗಳು ಹಾಗೆ ಕೇಳಿದರೂ ಅದು ಒಂದೇ ಸಲ, ಎಲ್ಲರಿಗಿಂತ ಮೊದಲು ಬಂದು ಕೂರುತ್ತದೆ. ನಿನ್ನ ಫೈಲಿಗೆ ಬರೀ 'ಸ್ಲೈಡರ್' ಎಂದು ಹ್ಯಾಂಡಲ್ ಕೊಡಬೇಡ. ಅದೇ ಹೆಸರು ಮೊದಲೇ ನೋಂದಣಿಯಾಗಿದ್ದರೆ ನಿನ್ನದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಪ್ಲಗಿನ್ನಿನ ಹೆಸರನ್ನು ಮುಂದೆ ಸೇರಿಸು.

ಜೆಕ್ವೆರಿಯ ಅಡ್ಡಹೆಸರಾದ ಡಾಲರ್ ಚಿಹ್ನೆ ಇಲ್ಲಿ ನೇರವಾಗಿ ಕೆಲಸ ಮಾಡದಿರುವುದಕ್ಕೂ ಕಾರಣವಿದೆ. ಪ್ರೋಟೋಟೈಪ್‌ನಂಥ ಲೈಬ್ರರಿಗಳೂ ಅದನ್ನು ಬಳಸುತ್ತಿದ್ದುದರಿಂದ ವರ್ಡ್‌ಪ್ರೆಸ್ ತನ್ನ ಜೆಕ್ವೆರಿಯನ್ನು 'ನೋ ಕಾನ್‌ಫ್ಲಿಕ್ಟ್' ಸ್ಥಿತಿಯಲ್ಲಿ ಇಟ್ಟಿದೆ, ಡಾಲರನ್ನು ಬಿಟ್ಟುಕೊಟ್ಟಿದೆ. ನಿನ್ನ ಕೋಡನ್ನು ಒಂದು ಫಂಕ್ಷನ್ನಿನೊಳಗೆ ಇಟ್ಟು ಜೆಕ್ವೆರಿಯನ್ನು ಡಾಲರ್ ಹೆಸರಿನಲ್ಲಿ ಒಳಗೆ ಕರೆದುಕೊ. ಹೊರಗಿನವರಿಗೆ ತೊಂದರೆಯಿಲ್ಲ.

ಇರುವ ಜೆಕ್ವೆರಿ ಹಳೆಯದೆಂದು ಡಿರಿಜಿಸ್ಟರ್ ಮಾಡಿ ಹೊಸದು ತುರುಕುವ ಆಸೆ ಹುಟ್ಟುತ್ತದೆ. ಬೇಡ. 2020ರ ಆಗಸ್ಟ್‌ನಲ್ಲಿ ವರ್ಡ್‌ಪ್ರೆಸ್‌ನ 5.5ನೇ ಆವೃತ್ತಿಯು, ಹಳೆಯ ಜೆಕ್ವೆರಿ ಕೋಡನ್ನು ನಡೆಸಿಕೊಡುತ್ತಿದ್ದ ಜೆಕ್ವೆರಿ ಮೈಗ್ರೇಟನ್ನು ಕೈಬಿಟ್ಟದ್ದಕ್ಕೇ ಹಳೆಯ ಥೀಮ್‌ಗಳು, ಪ್ಲಗಿನ್ನುಗಳು ಮುಗ್ಗರಿಸಿದವು. ಅದನ್ನು ಮರಳಿಸಲೆಂದೇ ಒಂದು ಸಹಾಯಕ ಪ್ಲಗಿನ್ ಬರಬೇಕಾಯಿತು. ವರ್ಡ್‌ಪ್ರೆಸ್ ತಂಡ ಯೋಚಿಸಿ ಇಟ್ಟ ಹೆಜ್ಜೆಗೇ ಹೀಗಾದರೆ, ನೀನು ಒಬ್ಬನೇ ಬಾವಿ ಬದಲಿಸಿದರೆ ಏನಾದೀತು?

ಬೇಕಾದ ಪುಟದಲ್ಲಷ್ಟೇ ಸ್ಕ್ರಿಪ್ಟ್ ಹಾಕು. ಏನಾದರೂ ಕೆಟ್ಟರೆ ಕನ್ಸೋಲ್ ತೆರೆದು ಮೊದಲ ಕೆಂಪು ಸಾಲನ್ನು ಓದು. ತಾಣದ ಒಂದು ನಕಲಿನಲ್ಲಿ, ಜನ ಬಳಸುವ ತಾಣದಲ್ಲಲ್ಲ, ಒಂದೊಂದೇ ಪ್ಲಗಿನ್ ನಿಲ್ಲಿಸಿ ನೋಡು. ನಿನ್ನ ಸ್ಲೈಡರ್ ಓಡಿದ ಮೇಲೆ ಪಕ್ಕದವರ ಕ್ಯಾಲೆಂಡರನ್ನೂ ಒಮ್ಮೆ ಒತ್ತಿ ನೋಡು.