ನೀರಿನ ಮೂಲವನ್ನು ಶೋಧಿಸುವದು

(ಪಾಠ: ಅರಸುಗಳ ದ್ವಿತೀಯ ಭಾಗ 2: 19-22)

ಯೆರಿಕೋವಿನ ನೀರು ಕೆಟ್ಟುಹೋಗಿದ್ದಾಗ ಎಲೀಷನು ಊರವರ ಕೊಡಗಳನ್ನು ತೊಳೆಯಿಸಲಿಲ್ಲ. ನೀರು ಹುಟ್ಟುವ ಬುಗ್ಗೆಗೇ ಹೋಗಿ ಅಲ್ಲಿ ಉಪ್ಪನ್ನು ಹಾಕಿ, ಕರ್ತನ ಹೆಸರಿನಲ್ಲಿ ಅದನ್ನು ಸ್ವಸ್ಥಮಾಡಿದನು. ಈ ಪಾಠವನ್ನು ನಮ್ಮ ಕಾಲದ ಒಂದು ಸಂಗತಿಯಿಂದ ವಿವರಿಸುವೆವು.

ಉತ್ತರ ಐರ್ಲೆಂಡಿನ ಡೆರಿ ಮತ್ತು ಬೆಲ್‌ಫಾಸ್ಟ್ ಪಟ್ಟಣಗಳ ಆಸ್ಪತ್ರೆಗಳಲ್ಲಿ 2011ರ ದಶಂಬರದಲ್ಲಿಯೂ 2012ರ ಜನವರಿಯಲ್ಲಿಯೂ ನಾಲ್ಕು ಕೂಸುಗಳು ತೀರಿಹೋದವು. ಬಲಹೀನ ಶಿಶುಗಳನ್ನು ವಿಶೇಷವಾಗಿ ಕಾಯುವ ವಿಭಾಗಗಳಲ್ಲಿಯೇ ಇದು ನಡೆಯಿತು. ಕಾರಣವು ಸೂಡೊಮೋನಸ್ ಎಂಬ ರೋಗಾಣು. ಅದು ತೇವವಿರುವಲ್ಲಿ ಬೆಳೆಯುವದು; ಬಲವುಳ್ಳವರಿಗೆ ಸಾಮಾನ್ಯವಾಗಿ ಕೇಡುಮಾಡದು. ಆದರೆ ತಿಂಗಳು ತುಂಬದೆ ಹುಟ್ಟಿದ ಕೂಸಿನ ಚರ್ಮವು ಬಹು ತೆಳುವು. ರೋಗವನ್ನು ಎದುರಿಸುವ ಶಕ್ತಿಯು ಇನ್ನೂ ಬಲಿತಿರುವದಿಲ್ಲ. ಪ್ರಾಣವನ್ನು ಉಳಿಸಲಿಕ್ಕೆ ಇಟ್ಟ ನಳಿಕೆಗಳೇ ರೋಗಾಣುವಿಗೆ ದಾರಿಯಾಗಬಹುದು.

ಇದು ಎಲ್ಲಿಂದ ಬಂತು? ಪರೀಕ್ಷಕರು ಶೋಧಿಸಲು, ಕೈ ತೊಳೆಯುವ ಕೊಳಾಯಿಗಳಲ್ಲಿಯೇ ಅದು ಸಿಕ್ಕಿತು. ನೀರು ಚೆದರದೆ ನೇರವಾಗಿ ಬೀಳುವ ಹಾಗೆ ಕೊಳಾಯಿಯ ಬಾಯಲ್ಲಿಟ್ಟ ಚಿಕ್ಕ ಭಾಗದಲ್ಲಿ ಲೋಳೆಯ ಪೊರೆ ಕಟ್ಟಿ, ರೋಗಾಣುಗಳು ಅದರೊಳಗೆ ಅಡಗಿದ್ದವು. ಶುಚಿಗೋಸ್ಕರ ಇಟ್ಟದ್ದರಲ್ಲಿ ಅಶುಚಿಯು ಮನೆಮಾಡಿತ್ತು! ದಾದಿಯರ ಕೈಗಳ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ದರೆ ಇನ್ನೆಷ್ಟು ತೊಟ್ಟಿಲುಗಳು ಬರಿದಾಗುತ್ತಿದ್ದವೋ! ಕೊಳಾಯಿಗಳನ್ನು ಬದಲಾಯಿಸಿದರು, ಇಂಥ ಕೂಸುಗಳನ್ನು ಒರಸಿ ಶುಚಿಮಾಡುವದಕ್ಕೂ ಕೊಳಾಯಿಯ ನೀರು ಬೇಡ, ರೋಗಾಣುಗಳಿಲ್ಲದಂತೆ ಸಿದ್ಧಮಾಡಿದ ನೀರೇ ಬೇಕೆಂದು ವಿಚಾರಣೆ ನಡಿಸಿದವರು 2012ರಲ್ಲಿ ಸಲಹೆಕೊಟ್ಟರು.

ಇದನ್ನು ಓದಿ ಯಾರೂ ಆಸ್ಪತ್ರೆಗೆ ಹೆದರಬಾರದು. ಕೈ ತೊಳೆಯುವದನ್ನು ಬಿಡಲೂ ಬಾರದು. ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ರೋಗವನ್ನು ಒಯ್ಯುವದರಲ್ಲಿ ತೊಳೆಯದ ಕೈಯೇ ಮುಖ್ಯವಾದದ್ದು. ಬಾಣಂತಿಯನ್ನು ನೋಡಲಿಕ್ಕೆ ಗುಂಪಾಗಿ ಹೋಗಿ, ಕೂಸನ್ನು ಕೈಯಿಂದ ಕೈಗೆ ಕೊಟ್ಟು ಮುದ್ದಿಡುವ ವಾಡಿಕೆ ನಮ್ಮ ಸಭೆಗಳಲ್ಲಿ ಉಂಟಷ್ಟೆ. ಅದು ಪ್ರೀತಿಯಿಂದಲೇ ಆಗುವದು. ಆದರೂ ಪ್ರೀತಿಗೆ ಎಚ್ಚರವೂ ಬೇಕು. ನೆಗಡಿ, ಕೆಮ್ಮು, ಭೇದಿ ಇರುವವರು ಹೋಗದಿರಲಿ. ಹೋಗುವವರು ಸಾಬೂನಿನಿಂದ ಕೈ ತೊಳೆದು, ದಾದಿಯ ಮಾತಿನಂತೆ ನಡೆಯಲಿ. ಆಕೆಯು "ಹೊರಗೆ ನಿಲ್ಲಿರಿ" ಎಂದರೆ ಮುನಿಯದಿರಲಿ.

ಹಾಗೆಯೇ ನಮ್ಮ ಭಕ್ತಿಯ ಕೆಲಸಗಳಲ್ಲಿಯೂ ಕಾಣದ ಲೋಳೆಯು ಕಟ್ಟೀತು. ಮನೆಯಲ್ಲಾಗಲಿ ಸಭೆಯಲ್ಲಾಗಲಿ ಕೇಡು ಕಂಡಾಗ ಸಮೀಪದ ಬಡವರನ್ನು ದೂರದೆ, ಮೂಲವನ್ನು ಹುಡುಕುವ ಧೈರ್ಯವನ್ನು ಕರ್ತನಲ್ಲಿ ಬೇಡಿಕೊಳ್ಳೋಣ. ಬಾಗಲ ಹೊರಗೆ ನಿಂತು ಆ ಕೂಸಿಗೋಸ್ಕರ ಮಾಡುವ ಪ್ರಾರ್ಥನೆಯನ್ನೂ ಆತನು ಕೇಳುತ್ತಾನೆ.